ಸಂಬಳದ ಪಟ್ಟಿಯಲ್ಲಿ ಅಚೌರ್ಯ

ಗೃಹಸ್ಥನ ಮೂರನೆಯ ಅಣುವ್ರತವಾದ ಅಚೌರ್ಯಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳನನ್ನು ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿನ ಹೆಸರಿನಲ್ಲಿ ಕಲಬೆರಕೆಯನ್ನು ಮಾರುವುದು, ಈ ನಾಲ್ಕೂ ಯಾವ ಅಂಗಡಿಕಾರನಿಗಾದರೂ ಹೇಳಿದ ಕೂಡಲೇ ಅರ್ಥವಾಗುತ್ತವೆ. ಇವುಗಳ ನಡುವೆ ಮೂರನೆಯದಾಗಿ ನಿಂತಿರುವುದು ವಿರುದ್ಧರಾಜ್ಯಾತಿಕ್ರಮ. ಸ್ವಾಧ್ಯಾಯದಲ್ಲಿ ಈ ಪದ ಬಂದಾಗ ಓದುವವರು ಸಾಮಾನ್ಯವಾಗಿ ಬೇಗನೆ ಮುಂದೆ ಹೋಗುತ್ತಾರೆ. ಅರಸರ ಕಾಲದ ಮಾತು, ಶತ್ರುರಾಜ್ಯಗಳ ಕಾಲದ ಮಾತು, ಇಂದಿನ ಶ್ರಾವಕನಿಗೆ ಇದರಿಂದೇನು ಎಂಬ ಭಾವನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿರುವ ವಿವರಣೆ ಮಾತ್ರ ಯುದ್ಧದ ಕಡೆಗೆ ಹೋಗುವುದಿಲ್ಲ, ವ್ಯಾಪಾರದ ಕಡೆಗೇ ಬರುತ್ತದೆ. ಉಚಿತವಾದ ರೀತಿಯನ್ನು ಬಿಟ್ಟು ಬೇರೆ ರೀತಿಯಲ್ಲಿ ಪಡೆಯುವುದೇ ಅತಿಕ್ರಮ. ಆಳ್ವಿಕೆ ಬದಲಾದ ಕಡೆಯಲ್ಲಿ ಹೆಚ್ಚು ಬೆಲೆಯದನ್ನು ಕಡಿಮೆ ಬೆಲೆಗೆ ಪಡೆಯಲು ಹವಣಿಸುವುದು ಅದರ ರೂಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ದೋಷಕ್ಕೆ ವಿಲೋಪ ಎಂಬ ಚಿಕ್ಕ ಹೆಸರನ್ನು ಕೊಟ್ಟರು. ಗಡಿ ಇರುವಲ್ಲೆಲ್ಲ ಈ ದೋಷಕ್ಕೆ ಅವಕಾಶವಿದೆ. ಗಡಿಯ ಎರಡೂ ಬದಿಗೆ ಶತ್ರುಗಳಿರಲೇಬೇಕೆಂದಿಲ್ಲ.

ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಧರ್ಮಪುರ ಅಂಥ ಒಂದು ಗಡಿಯ ಊರು. ಇಲ್ಲಿಂದ ಪೂರ್ವಕ್ಕೆ ಹೊರಟರೆ ಬಹು ಬೇಗ ಆಂಧ್ರಪ್ರದೇಶದ ನೆಲ ಬರುತ್ತದೆ. ಅಮರಾಪುರ, ಹೇಮಾವತಿ, ಮಡಕಶಿರಾ ಎಲ್ಲವೂ ಆ ಕಡೆಯವು. ಹೇಮಾವತಿ ಹಿಂದೆ ಹೆಂಜೇರು ಎನಿಸಿ ನೊಳಂಬರ ರಾಜಧಾನಿಯಾಗಿತ್ತು; ಆಗ ಈ ಎರಡು ಬದಿಗಳೂ ಒಂದೇ ನೊಳಂಬವಾಡಿ. ಮುಂದೆ ಧರ್ಮಪುರ ಮೈಸೂರು ಸಂಸ್ಥಾನದಲ್ಲಿಯೂ ಮಡಕಶಿರಾ ಮದ್ರಾಸು ಪ್ರಾಂತದ ಅನಂತಪುರ ಜಿಲ್ಲೆಯಲ್ಲಿಯೂ ಉಳಿದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರ ಅದರೊಡನೆ ಹೋಯಿತು, 1956ರ ಪುನರ್ವಿಂಗಡಣೆಯಲ್ಲಿಯೂ ಆ ಗೆರೆ ಕದಲಲಿಲ್ಲ. 2022ರಿಂದ ಆ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತ ಎಷ್ಟು ಸಲ ಹೆಸರು ಬದಲಿಸಿದರೂ ಆ ಕಡೆಯ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡವೇ. ಹೆಣ್ಣು ಕೊಟ್ಟು ತರುವುದೂ ಸಂತೆಗೆ ಬಂದು ಹೋಗುವುದೂ ಎಂದಿನಂತೆಯೇ. ಜೈನರಿಗೆ ಆ ನೆಲ ಹೊರಗಿನದಲ್ಲ. ಅಮರಾಪುರದ 1278ರ ಶಾಸನವೊಂದು, ನಿಡುಗಲ್ಲಿನ ಇರುಂಗೋಳ ಅರಸನ ಕಾಲದಲ್ಲಿ ಮಲ್ಲಿಸೆಟ್ಟಿ ಎಂಬ ಶ್ರಾವಕ ತೈಲಂಗೆರೆಯ ಬಸದಿಯ ಪ್ರಸನ್ನ ಪಾರ್ಶ್ವದೇವರಿಗೆ 2000 ಅಡಕೆ ಮರಗಳನ್ನು ದತ್ತಿ ಬಿಟ್ಟುದನ್ನು ಹೇಳುತ್ತದೆ. ಮರಗಳ ಎಣಿಕೆಯ ಜೊತೆಗೆ ಅವು ಯಾವ ಊರಿನಲ್ಲಿವೆ ಎಂಬುದನ್ನೂ ಆ ಶಾಸನ ಮರೆತಿಲ್ಲ. ಎಷ್ಟು ಎಂಬುದರಷ್ಟೇ ಎಲ್ಲಿ ಎಂಬುದೂ ಲೆಕ್ಕದ ಭಾಗವೆಂದು ಬರೆಸಿದವರಿಗೆ ಗೊತ್ತಿತ್ತು.

ಈ ‘ಎಲ್ಲಿ’ ಎಂಬ ಪ್ರಶ್ನೆ ಇಂದು ಬರುವುದು ಸಂಬಳದ ಬಟವಾಡೆಯಲ್ಲಿ. ಆದಾಯ ತೆರಿಗೆ ಕೇಂದ್ರದ್ದು, ಭವಿಷ್ಯನಿಧಿಯೂ ಕೇಂದ್ರದ್ದು. ಅವಕ್ಕೆ ರಾಜ್ಯದ ಗಡಿಯಿಲ್ಲ. ವೃತ್ತಿ ತೆರಿಗೆ ಹಾಗಲ್ಲ. ಸಂವಿಧಾನದ 276ನೆಯ ಅನುಚ್ಛೇದ ಅದನ್ನು ವಿಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟು, ಒಬ್ಬ ವ್ಯಕ್ತಿಯಿಂದ ಒಂದು ರಾಜ್ಯ ವರ್ಷಕ್ಕೆ ಇಷ್ಟನ್ನು ಮೀರಿ ಪಡೆಯಬಾರದೆಂದು ಮಿತಿ ಹಾಕಿದೆ. ಮೊದಲು 250 ರೂಪಾಯಿ ಇದ್ದ ಮಿತಿ 1988ರ ಅರವತ್ತನೆಯ ತಿದ್ದುಪಡಿಯಿಂದ 2,500 ಆಯಿತು. ಕರ್ನಾಟಕದ ಕಾಯಿದೆ 1976ರದು, ಆಂಧ್ರಪ್ರದೇಶದ್ದು 1987ರದು. ಎರಡರಲ್ಲೂ ತೆರಿಗೆಗೆ ಒಳಗಾಗುವವನು ಆ ರಾಜ್ಯದಲ್ಲಿ ಉದ್ಯೋಗದಲ್ಲಿರುವವನು. ಅವನ ಮನೆ ಎಲ್ಲಿದೆ ಎಂದಾಗಲಿ, ಒಡೆಯನ ಮುಖ್ಯ ಅಂಗಡಿ ಎಲ್ಲಿದೆ ಎಂದಾಗಲಿ ಕಾಯಿದೆ ಕೇಳುವುದಿಲ್ಲ. ದರ ಮಾತ್ರ ಬೇರೆ ಬೇರೆ. ಕರ್ನಾಟಕದಲ್ಲಿ 2023ರ ಏಪ್ರಿಲ್ 1ರಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಈ ತೆರಿಗೆಯೇ ಇಲ್ಲ. ಅಲ್ಲಿಂದ ಮೇಲಿನವರಿಗೆ ತಿಂಗಳಿಗೆ 200, ಮತ್ತು 2025ರ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ 300. ಆಂಧ್ರದಲ್ಲಿ 15,000ದವರೆಗೆ ಇಲ್ಲ, ಅಲ್ಲಿಂದ 20,000ದವರೆಗೆ 150, ಅದಕ್ಕೆ ಮೇಲೆ 200. ಹೀಗೆ ಹದಿನೈದು ಸಾವಿರಕ್ಕೂ ಇಪ್ಪತ್ತೈದು ಸಾವಿರಕ್ಕೂ ನಡುವಣ ಸಂಬಳದ ಮನುಷ್ಯ ಗಡಿಯ ಈ ಬದಿಯಲ್ಲಿ ಏನನ್ನೂ ಕೊಡಬೇಕಾಗಿಲ್ಲ, ಆ ಬದಿಯಲ್ಲಿ ಪ್ರತಿ ತಿಂಗಳೂ ಕೊಡಬೇಕು. 2023ಕ್ಕೆ ಮೊದಲು ಎರಡೂ ರಾಜ್ಯಗಳಲ್ಲಿ ತೆರಿಗೆ ಆರಂಭವಾಗುತ್ತಿದ್ದುದು ಹದಿನೈದು ಸಾವಿರದ ಆಸುಪಾಸಿನಲ್ಲೇ ಆಗಿದ್ದುದರಿಂದ ಗಡಿಯ ಲೆಕ್ಕದಲ್ಲಿ ಆದ ತಪ್ಪು ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಂಥ ಊರಿನಲ್ಲಿ ಶೇಂಗಾ ವ್ಯಾಪಾರದ ಒಂದು ಮಂಡಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮಂಡಿ ಧರ್ಮಪುರದಲ್ಲಿ, 2023ರ ಏಪ್ರಿಲಿನಿಂದ ಅಮರಾಪುರದ ಕಡೆ ಒಂದು ಗೋದಾಮು. ಯಜಮಾನರು ವ್ರತಧಾರಿ ಶ್ರಾವಕರು, ತೂಕದ ತಕ್ಕಡಿಯನ್ನು ದಿನಕ್ಕೊಮ್ಮೆ ತಾವೇ ಪರೀಕ್ಷಿಸುವವರು. ಆಂಧ್ರದಲ್ಲಿ ಗೋದಾಮು ತೆರೆದಾಗ ಅಲ್ಲಿಯ ವೃತ್ತಿ ತೆರಿಗೆಯ ನೋಂದಣಿಯನ್ನೂ ತಪ್ಪದೆ ಮಾಡಿಸಿದವರು. (ಎಷ್ಟೋ ವ್ಯಾಪಾರಿಗಳು ತಮ್ಮ ಸ್ವಂತದ ವೃತ್ತಿ ತೆರಿಗೆಯನ್ನು ಒಂದು ಕಡೆ ಕಟ್ಟಿ, ನೌಕರರ ತೆರಿಗೆಯೂ ಅದರಲ್ಲೇ ಮುಗಿಯಿತೆಂದು ತಿಳಿಯುತ್ತಾರೆ. ಈ ಯಜಮಾನರು ಆ ತಪ್ಪನ್ನು ಮಾಡಿದವರಲ್ಲ.) ಲೆಕ್ಕ ಬರೆಯುವ ಗುಮಾಸ್ತರು ವಯಸ್ಸಾದವರು, ನಂಬಿಗಸ್ತರು. ಸಂಬಳದ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಇದ್ದ ಮನೆಯ ವಿಳಾಸವನ್ನು ನೋಡಿ ಅವರು ರಾಜ್ಯವನ್ನು ಗೊತ್ತುಮಾಡಿದರು. ತಪ್ಪು ಇಷ್ಟೇ. ಅದು ಎರಡು ವರ್ಷ ನಡೆಯಿತು.

ಮಂಡಿಯಲ್ಲಿ ಬಿಲ್ಲು ಬರೆಯುವ ಹೆಣ್ಣುಮಗಳು ಅಮರಾಪುರದ ಕಡೆಯವಳು, ದಿನವೂ ಬಸ್ಸಿನಲ್ಲಿ ಧರ್ಮಪುರಕ್ಕೆ ಬರುವವಳು; ಸಂಬಳ 19,000. ಅವಳಿಂದ ತಿಂಗಳಿಗೆ 150 ಮುರಿದು ಆಂಧ್ರಕ್ಕೆ ಕಟ್ಟಲಾಯಿತು. ಗೋದಾಮಿನ ಉಗ್ರಾಣಿ ಧರ್ಮಪುರದವನು, ಬೆಳಿಗ್ಗೆ ಗಡಿ ದಾಟಿ ಹೋಗಿ ಸಂಜೆ ಮರಳುವವನು, ಸಂಬಳ 18,000. ಅವನಿಗೆ ಕರ್ನಾಟಕದ ದರ ಹಿಡಿದು ಏನನ್ನೂ ಮುರಿಯಲಿಲ್ಲ. ಗೋದಾಮಿನ ಮೇಲ್ವಿಚಾರಕನೂ ಧರ್ಮಪುರದವನೇ, ಸಂಬಳ 27,000. ಅವನಿಂದ ತಿಂಗಳಿಗೆ 200 ಮುರಿದು ಕರ್ನಾಟಕಕ್ಕೆ ಕಟ್ಟಲಾಯಿತು. 2025ರ ಏಪ್ರಿಲಿನಲ್ಲಿ ಬಟವಾಡೆಯ ದಿನ ಆ ಹೆಣ್ಣುಮಗಳು ಚೀಟಿಯನ್ನು ಹಿಡಿದು ಗುಮಾಸ್ತರ ಬಳಿಗೆ ಬರುತ್ತಾಳೆ.

“ಅಣ್ಣಾ, ಇಲ್ಲಿ ಕೂತಿರೋರಲ್ಲಿ ನನ್ನ ಚೀಟಿಯಲ್ಲಿ ಮಾತ್ರ ಈ ನೂರೈವತ್ತು ಯಾಕೆ?”

“ನಿಮ್ಮೂರು ಆಂಧ್ರದಲ್ಲಿದೆಯಲ್ಲಮ್ಮಾ.”

“ಊರು ಅಲ್ಲಿರಬಹುದು. ನಾನು ದುಡಿಯೋದು ಇಲ್ಲೇ ಅಲ್ಲವೆ?”

ಕಾಯಿದೆಯನ್ನು ಓದದೆಯೂ ಕಾಯಿದೆಯ ತಿರುಳನ್ನು ಅವಳು ಹೇಳಿಬಿಟ್ಟಳು. ಗುಮಾಸ್ತರ ತಪ್ಪನ್ನು ಮೂರ್ಖತನವೆನ್ನುವಂತಿಲ್ಲ. ಮನೆಯೇ ತೆರಿಗೆಯನ್ನು ನಿರ್ಣಯಿಸುವ ಕಡೆಗಳೂ ಲೋಕದಲ್ಲಿವೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮನೆ ಮಾಡಿ ಪೆನ್ಸಿಲ್ವೇನಿಯಾದಲ್ಲಿ ದುಡಿಯುವ ಕನ್ನಡಿಗನ ಸಂಬಳಕ್ಕೆ, ಆ ಎರಡು ರಾಜ್ಯಗಳ ನಡುವಣ ಒಪ್ಪಂದದಂತೆ, ಮನೆಯಿರುವ ನ್ಯೂಜೆರ್ಸಿಯೇ ರಾಜ್ಯದ ಆದಾಯ ತೆರಿಗೆಯನ್ನು ಪಡೆಯುತ್ತದೆ. ಅವನ ನೆರೆಮನೆಯವನು ನ್ಯೂಯಾರ್ಕಿಗೆ ದುಡಿಯಲು ಹೋದರೆ ನ್ಯೂಯಾರ್ಕು ತನ್ನ ತೆರಿಗೆಯನ್ನು ಮುರಿದುಕೊಳ್ಳುತ್ತದೆ. ಅಲ್ಲಿ ಕೊಟ್ಟುದಕ್ಕೆ ನ್ಯೂಜೆರ್ಸಿ ತನ್ನ ಲೆಕ್ಕದಲ್ಲಿ ರಿಯಾಯಿತಿ ತೋರಿಸುತ್ತದೆ. ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ನಿಯಮ. ಆದ್ದರಿಂದ ಇಂಥದು ಊಹೆಯಿಂದ ತಿಳಿಯುವುದಲ್ಲ, ಕೇಳಿ ತಿಳಿಯಬೇಕಾದದ್ದು. ಕೇಳದೆ ಬಿಡುವುದಕ್ಕೆ ಶಾಸ್ತ್ರದಲ್ಲಿ ಪ್ರಮಾದವೆಂಬ ಹೆಸರಿದೆ. ಹಿಂಸೆಯ ಲಕ್ಷಣ ಹೇಳುವಾಗ ಮೊದಲು ಬರುವ ಪ್ರಮತ್ತಯೋಗವನ್ನು ಕಳವಿನ ಲಕ್ಷಣಕ್ಕೂ ಅನ್ವಯಿಸಿಕೊಳ್ಳಬೇಕೆಂದು ವ್ಯಾಖ್ಯಾನಕಾರರು ಹೇಳಿರುವುದು ಇಲ್ಲಿ ನೆನೆಯತಕ್ಕ ವಿಷಯ. ಗುಮಾಸ್ತರಲ್ಲಿ ಲೋಭವಿರಲಿಲ್ಲ. ಎಚ್ಚರವೂ ಇರಲಿಲ್ಲ.

ಈಗ ಲೆಕ್ಕವನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಹೊರಬೀಳುತ್ತದೆ. ಹೆಣ್ಣುಮಗಳಿಂದ 24 ತಿಂಗಳು 150ರಂತೆ ಮುರಿದದ್ದು 3,600. ಉಗ್ರಾಣಿಯಿಂದ ಮುರಿಯಬೇಕಾಗಿ ಮುರಿಯದೆ ಬಿಟ್ಟದ್ದೂ 24 ತಿಂಗಳಿಗೆ 3,600. ಒಡೆಯನು ಸಲ್ಲಿಸುವ ನಮೂನೆಯಲ್ಲಿ ನೌಕರರ ಹೆಸರುಗಳಿರುವುದಿಲ್ಲ. ಯಾವ ಸಂಬಳದ ಮಟ್ಟದಲ್ಲಿ ಎಷ್ಟು ಜನ, ಅವರ ತೆರಿಗೆ ಎಷ್ಟು ಎಂಬ ಎಣಿಕೆ ಮಾತ್ರ. ಆಂಧ್ರಕ್ಕೆ ಹೋದ ಎಣಿಕೆ ಒಬ್ಬರದು, ಮೊತ್ತ 150. ಗೋದಾಮಿನಲ್ಲಿ ಆ ಮಟ್ಟದ ಸಂಬಳದವನು ನಿಜವಾಗಿಯೂ ಒಬ್ಬನೇ. ಅಂದಮೇಲೆ ಈ ಒಂದು ಬಾಬಿನಲ್ಲಿ ಆಂಧ್ರದ ಖಜಾನೆಗೆ ಒಂದು ಪೈಸೆಯೂ ನಷ್ಟವಾಗಿಲ್ಲ. ಕರ್ನಾಟಕಕ್ಕೂ ನಷ್ಟವಿಲ್ಲ, ಏಕೆಂದರೆ ಹೆಣ್ಣುಮಗಳ ಸಂಬಳಕ್ಕೆ ಇಲ್ಲಿ ತೆರಿಗೆಯೇ ಇಲ್ಲ. ಗುಮಾಸ್ತರ ಬಾಯಿಂದ ಸಹಜವಾಗಿಯೇ ಒಂದು ಮಾತು ಬರುತ್ತದೆ: “ಯಜಮಾನರೆ, ಅದೂ ಇದೂ ಸರಿಹೋಯಿತಲ್ಲ. ಮುಂದಿನ ತಿಂಗಳಿಂದ ಇವಳದನ್ನು ಬಿಟ್ಟು ಅವನದನ್ನು ಮುರಿದರಾಯಿತು.”

ಈ ಪ್ರಸಂಗದ ಗಂಟು ಇರುವುದು ಇಲ್ಲಿ. ತೆರಿಗೆಯ ವಿಷಯದಲ್ಲಿ ಸತ್ಯವಂತನಾಗಿರುವುದೆಂದರೆ ಸರ್ಕಾರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸುವುದು ಎಂದು ಸಜ್ಜನರೂ ತಿಳಿದಿರುತ್ತಾರೆ. ಸರ್ಕಾರಕ್ಕೆ ಸಂದಿದೆ, ನಮೂನೆ ಸರಿಯಿದೆ, ಯಾವ ಅಧಿಕಾರಿ ಬಂದು ನೋಡಿದರೂ ಈ ಬಾಬಿನಲ್ಲಿ ತಪ್ಪು ಕಾಣಿಸದು. ಆದರೂ ಉಗ್ರಾಣಿಯ ತೆರಿಗೆಯನ್ನು ಎರಡು ವರ್ಷ ಕಟ್ಟಿದವಳು ಬಿಲ್ಲು ಬರೆಯುವ ಹೆಣ್ಣುಮಗಳು. ಅದು ಅವಳಿಗೆ ತಿಳಿಯದು, ಅವಳು ಕೊಟ್ಟದ್ದಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ಅದತ್ತಾದಾನವೆಂದು ಹೆಸರು. ಎರಡು ಮೊತ್ತಗಳು ಒಂದೇ ಆದ ಮಾತ್ರಕ್ಕೆ ಇಬ್ಬರು ಮನುಷ್ಯರು ಒಂದೇ ಆಗುವುದಿಲ್ಲ. ಕಿರ್ದಿಯಲ್ಲಿ ಒಂದರ ಎದುರಿಗೆ ಒಂದನ್ನು ವಜಾ ಹಾಕುವ ಅಧಿಕಾರ ಲೆಕ್ಕಿಗನಿಗೆ ಇರುವುದು ಒಬ್ಬನದೇ ಖಾತೆಯ ಒಳಗೆ. ಒಬ್ಬಳ ಖಾತೆಯಿಂದ ಇನ್ನೊಬ್ಬನ ಖಾತೆಗೆ ಅವಳ ಅರಿವಿಲ್ಲದೆ ಮೊತ್ತ ದಾಟಿದರೆ, ಆ ದಾಟುವಿಕೆಗೆ ಯಾವ ರಾಜ್ಯದ ಗಡಿಯೂ ಬೇಕಾಗಿಲ್ಲ.

ತಿಳಿಯದೆ ಆದದ್ದನ್ನು ಅತಿಚಾರವೆಂದುಕೊಂಡರೂ, ಹೆಣ್ಣುಮಗಳು ಚೀಟಿ ತೋರಿಸಿದ ಕ್ಷಣದಿಂದ ಸ್ಥಿತಿ ಬದಲಾಗುತ್ತದೆ. ತಿಳಿದ ಮೇಲೂ ಹಣವನ್ನು ಹಾಗೆಯೇ ಇಟ್ಟುಕೊಂಡರೆ ವ್ರತ ಮಾಸಿತೆಂದಲ್ಲ, ಮುರಿಯಿತೆಂದೇ ಅರ್ಥ, ಅದು ಅನಾಚಾರ. ಆದಕಾರಣ ಅವಳ 3,600ನ್ನು ಯಜಮಾನರು ಅಂದೇ ತಮ್ಮ ಪೆಟ್ಟಿಗೆಯಿಂದ ಕೊಡತಕ್ಕದ್ದು. ಉಗ್ರಾಣಿಯಿಂದ ವಸೂಲಾದ ಮೇಲೆ ಕೊಡುತ್ತೇನೆಂಬುದು ಸಲ್ಲದು. ಬಡ್ಡಿಯ ಮಾತೂ ಇದೆ. ಒಡೆಯನು ತಡವಾಗಿ ಕಟ್ಟಿದರೆ ಎರಡೂ ರಾಜ್ಯಗಳು ಬಡ್ಡಿ ಕೇಳುತ್ತವೆ, ಒಡೆಯನು ಅದನ್ನು ಚಕಾರವೆತ್ತದೆ ಕಟ್ಟುತ್ತಾನೆ. ನೌಕರಳ ಹಣ ಎರಡು ವರ್ಷ ಅವಳ ಕೈಯಲ್ಲಿಲ್ಲದೆ ಹೋದುದಕ್ಕೆ ಬಡ್ಡಿ ಕೊಡುವ ಯೋಚನೆ ಯಾರಿಗೂ ಬರುವುದಿಲ್ಲ. ಖಜಾನೆ ಕೇಳುತ್ತದೆ, ಅವಳು ಕೇಳುವುದಿಲ್ಲ, ವ್ಯತ್ಯಾಸ ಅಷ್ಟೇ. ಕೇಳಲಾರದವರಿಗೆ ಕೊಡುವಾಗಲೇ ಶ್ರಾವಕನ ಲೆಕ್ಕ ಪರೀಕ್ಷೆಗೆ ಒಳಗಾಗುತ್ತದೆ.

ಉಗ್ರಾಣಿಯ ವಿಷಯ ಇದಕ್ಕಿಂತ ಕಷ್ಟದ್ದು. ತೆರಿಗೆ ನ್ಯಾಯವಾಗಿ ಅವನದೇ. ಮುರಿಯದೆ ಬಿಟ್ಟ 3,600 ಅವನ ಮನೆಗೆ ಹೋಗಿ ಖರ್ಚಾಗಿದೆ. ಅದನ್ನು ಒಂದೇ ತಿಂಗಳ ಸಂಬಳದಿಂದ ಹಿಡಿದುಕೊಂಡರೆ 18,000ದಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆ. 1936ರ ವೇತನ ಪಾವತಿ ಕಾಯಿದೆಯ ಜಾಗದಲ್ಲಿ 2025ರ ನವೆಂಬರಿನಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆ ಒಂದು ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಮುರಿಯಬಾರದೆನ್ನುತ್ತದೆ. ಐದರಲ್ಲೊಂದು ಆ ಮಿತಿಯೊಳಗೇ ಇದೆ. ಮಿತಿಯೊಳಗಿರುವುದೆಲ್ಲ ನ್ಯಾಯವಾಗುವುದಿಲ್ಲ. ಇತ್ತ ಕರ್ನಾಟಕದ ವೃತ್ತಿ ತೆರಿಗೆ ಕಾಯಿದೆಯ ಒಂದು ಮಾತು ಗಮನಾರ್ಹ: ನೌಕರನ ಸಂಬಳದಿಂದ ಮುರಿದಿರಲಿ ಬಿಟ್ಟಿರಲಿ, ಸಂಬಳ ಕೊಟ್ಟ ಮೇಲೆ ತೆರಿಗೆ ಕಟ್ಟುವ ಹೊಣೆ ಒಡೆಯನದು. ಪ್ರತಿ ತಿಂಗಳೂ ಮುರಿಯುವ ಕೆಲಸವನ್ನು ಕಾಯಿದೆ ಒಡೆಯನಿಗೆ ಒಪ್ಪಿಸಿರುವುದರ ಉದ್ದೇಶವೇ ನೌಕರನ ಮೇಲೆ ಭಾರ ಒಮ್ಮೆಲೇ ಬೀಳದಿರಲಿ ಎಂಬುದು ಎಂದು ಹೇಳಬಹುದು. ಆ ಕೆಲಸದಲ್ಲಿ ತಪ್ಪಿದವನು ಭಾರವನ್ನು ಒಟ್ಟುಗೂಡಿಸಿ ನೌಕರನ ತಲೆಯ ಮೇಲೆ ಇಳಿಸುವುದು ಹೇಗೆ ಸರಿ? ಹಿಂದಿನ ಎರಡು ವರ್ಷದ್ದನ್ನು ಯಜಮಾನರೇ ಹೊರುವುದು ಯೋಗ್ಯ. ಮುಂದಿನದನ್ನು ಉಗ್ರಾಣಿಗೆ ಮೊದಲೇ ತಿಳಿಸಿ ತಿಂಗಳು ತಿಂಗಳು ಮುರಿಯುವುದು ಯೋಗ್ಯ. ಪಾಲು ಕೊಡುತ್ತೇನೆಂದು ಅವನೇ ಮುಂದೆ ಬಂದರೆ ಬೇಡವೆನ್ನಬೇಕಾಗಿಲ್ಲ. ಆದರೆ ಸಂಬಳ ಕೊಡುವ ಕೈಯೆದುರು ನಿಂತು ಕೊಟ್ಟ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದನ್ನು ಯಜಮಾನರು ತಮ್ಮೊಳಗೆ ಕೇಳಿಕೊಳ್ಳಬೇಕು.

ಮೇಲ್ವಿಚಾರಕನ ಬಾಬಿನಲ್ಲಿ ಮೊತ್ತ ಸರಿ, ಖಜಾನೆ ತಪ್ಪು. ಎರಡು ವರ್ಷಕ್ಕೆ 4,800 ಕರ್ನಾಟಕಕ್ಕೆ ಹೋಗಿದೆ, ಆಂಧ್ರಕ್ಕೆ ಹೋಗಬೇಕಿತ್ತು. ಕರ್ನಾಟಕದಿಂದ ಮರಳಿ ಬರಲಿ, ಆಮೇಲೆ ಆಂಧ್ರಕ್ಕೆ ಕಟ್ಟೋಣ ಎಂದು ಕಾಯುವವರೇ ಹೆಚ್ಚು. ಕಾದಷ್ಟೂ ಬಡ್ಡಿ ಬೆಳೆಯುತ್ತದೆ ಎಂಬುದು ಲೌಕಿಕ ಕಾರಣ. ಆಂಧ್ರದ ನೆಲದಲ್ಲಿ ಗೋದಾಮು ನಡೆಸಿ, ಅಲ್ಲಿಯ ರಸ್ತೆಯಲ್ಲಿ ಮಾಲು ಸಾಗಿಸಿ, ಅಲ್ಲಿಗೆ ಸಲ್ಲಬೇಕಾದ್ದನ್ನು ಬೇರೆಡೆಯಿಂದ ಹಣ ಬರುವವರೆಗೆ ತಡೆದಿಡುವುದು ವಿಲೋಪದ ಛಾಯೆಯೇ ಎಂಬುದು ಇನ್ನೊಂದು ಕಾರಣ. ಮೊದಲು ಆಂಧ್ರಕ್ಕೆ 4,800ನ್ನೂ ಬಡ್ಡಿಯನ್ನೂ ಯಜಮಾನರು ಕಟ್ಟತಕ್ಕದ್ದು. ಅನಂತರ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೆ ಚಲನ್‌ಗಳ ಪ್ರತಿ, ಹಾಜರಿ ಪುಸ್ತಕ, ಗೋದಾಮಿನ ನೇಮಕದ ಪತ್ರ ಇವನ್ನು ಲಗತ್ತಿಸಿ, ತಪ್ಪಾಗಿ ಕಟ್ಟಿದ್ದನ್ನು ಹಿಂತಿರುಗಿಸಬೇಕೆಂದು ಬರೆಯುವುದು. ಬಂದರೆ ಬಂತು. ಯಾವ ಕಾರಣಕ್ಕೂ ಮೇಲ್ವಿಚಾರಕನಿಂದ ಎರಡನೆಯ ಸಲ ಮುರಿಯಕೂಡದು. ಅವನು ತನ್ನದನ್ನು ಕೊಟ್ಟಾಗಿದೆ. ಬಡ್ಡಿಯೂ ದಂಡವೂ ಒಡೆಯನ ಅಜಾಗ್ರತೆಯ ಬೆಲೆ. ಅವುಗಳಲ್ಲಿ ನೌಕರನಿಗೆ ಪಾಲಿಲ್ಲ.

ತತ್ತ್ವಾರ್ಥಸೂತ್ರ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಭೇದಗಳನ್ನು ಹೇಳುವಾಗ ಆಲೋಚನೆಯನ್ನು ಮೊದಲಿಗಿಟ್ಟಿದೆ. ಅಂದರೆ ಆದ ದೋಷವನ್ನು ಮರೆಮಾಚದೆ ಗುರುವಿನೆದುರು ಹೇಳುವುದು. ಅದೇ ಪಟ್ಟಿಯಲ್ಲಿ ವಿವೇಕವೆಂಬ ಇನ್ನೊಂದಿದೆ. ಅಲ್ಲಿ ಆ ಪದಕ್ಕೆ ಬುದ್ಧಿವಂತಿಕೆ ಎಂಬ ಅರ್ಥವಲ್ಲ. ಬೆರೆತುಹೋದ ಆಹಾರ ಉಪಕರಣಗಳನ್ನು ಬೇರೆ ಬೇರೆ ಮಾಡುವುದೆಂದು ಅರ್ಥ. ಮುನಿಗಳಿಗೆ ಹೇಳಿದ್ದನ್ನು ಮಂಡಿಗೆ ತರುವುದು ಸಲಿಗೆಯಾದೀತು. ಆದರೂ ಎರಡು ರಾಜ್ಯಗಳ, ಮೂವರು ನೌಕರರ ಹಣ ಒಂದರಲ್ಲೊಂದು ಬೆರೆತ ಖಾತೆಯನ್ನು ಬಿಡಿಸುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಆಲೋಚನೆಯೂ ಕಾಗದದ ಮೇಲೆ ಬೇಕು. ಆಂಧ್ರದ ಕಚೇರಿಗೆ ಎಣಿಕೆ ಸರಿಯಾಗಿಯೇ ಇದ್ದರೂ, ಚೀಟಿ ಬೇರೆಯವರ ಹೆಸರಿನಲ್ಲಿತ್ತೆಂದು ತಿಳಿಸುವ ಒಂದು ಪತ್ರ. ಮೂವರು ನೌಕರರಿಗೂ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಏನು ತಪ್ಪಾಯಿತು, ಹೇಗೆ ಸರಿಪಡಿಸಲಾಯಿತು ಎಂಬುದನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿದ ಒಂದೊಂದು ಪತ್ರ. ಎರಡು ವರ್ಷದಲ್ಲಿ ಕೆಲಸ ಬಿಟ್ಟು ಹೋದವರಿದ್ದರೆ ಅವರ ಚೀಟಿಗಳನ್ನೂ ತೆಗೆದು ನೋಡಬೇಕು. ಅವರು ಮತ್ತೆ ಬಂದು ಕೇಳುವ ಸಂಭವವಿಲ್ಲ. ಹುಡುಕಿಕೊಂಡು ಹೋಗಿ ಕೊಡಬೇಕಾದ್ದು ಅಂಥವರಿಗೇ.

ಲಾರಿಯ ಚಾಲಕನೊಬ್ಬನ ವಿಷಯವನ್ನು ಗುಮಾಸ್ತರು ಕೇಳುತ್ತಾರೆ. ಅವನು ದಿನಕ್ಕೆರಡು ಸಲ ಗಡಿ ದಾಟುವವನು, ಅವನನ್ನು ಯಾವ ರಾಜ್ಯಕ್ಕೆ ಬರೆಯುವುದು? ಅವನು ಹಾಜರಿ ಹಾಕುವುದು ಧರ್ಮಪುರದ ಮಂಡಿಯಲ್ಲಿ, ಲಾರಿ ನಿಲ್ಲುವುದೂ ಅಲ್ಲಿಯೇ, ಕೆಲಸ ಹೇಳುವವರೂ ಅಲ್ಲಿಯವರೇ. ನೇಮಕ ಯಾವ ಸ್ಥಳಕ್ಕೆ ಆಗಿದೆಯೋ ಅದನ್ನು ಹಿಡಿಯುವುದು ಸರಿ. ಚಕ್ರ ಉರುಳಿದ ನೆಲವನ್ನೆಲ್ಲ ಹಿಡಿಯಲಾಗದು. ನಾಳೆ ಅವನನ್ನು ಗೋದಾಮಿಗೇ ಹಾಕಿದರೆ ಆ ತಿಂಗಳಿನಿಂದ ಬರಹ ಬದಲಾಗಬೇಕು. ಇದಕ್ಕಾಗಿ ಸಂಬಳದ ಪಟ್ಟಿಯಲ್ಲಿ ಮನೆಯ ವಿಳಾಸದ ಪಕ್ಕದಲ್ಲಿ ಕೆಲಸದ ಸ್ಥಳಕ್ಕೆ ಬೇರೆ ಕಲಮು ಎಳೆಯಲಾಗುತ್ತದೆ, ಅದನ್ನು ವರ್ಷಕ್ಕೊಮ್ಮೆಯಲ್ಲ, ಪ್ರತಿ ಬಟವಾಡೆಗೆ ಮುಂಚೆ ತುಂಬಬೇಕೆಂದು ಗೊತ್ತಾಗುತ್ತದೆ.

ಹೆಣ್ಣುಮಗಳು 3,600ನ್ನೂ ಅದರ ಮೇಲಿನ ಬಡ್ಡಿಯನ್ನೂ ಎಣಿಸಿಕೊಂಡು ರಸೀತಿಗೆ ಸಹಿ ಹಾಕುತ್ತಾಳೆ. ಆಂಧ್ರಕ್ಕೆ ಕಟ್ಟಿದ ಚಲನ್ ಕಡತ ಸೇರುತ್ತದೆ. ಕರ್ನಾಟಕದಿಂದ ಬರಬೇಕಾದ 4,800 ಬರಬೇಕಾದ ಬಾಕಿಗಳ ಪುಟದಲ್ಲಿ ಯಜಮಾನರ ಸ್ವಂತ ಹೆಸರಿಗೆ ಬರೆದು ನಿಲ್ಲುತ್ತದೆ, ಹೊಸ ವರ್ಷದ ಪುಸ್ತಕಕ್ಕೆ ಮುಂದೆ ಒಯ್ಯಲ್ಪಡುತ್ತದೆ.